ಅಕ್ಕ ಫೋನ್ ಎತ್ತಲಿಲ್ಲ, ಅತ್ತೆ ಫಾರ್ವರ್ಡ್ ಹಾಕಿದರು

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ನಾನು ಅಡ್ಮಿನ್. ಆಸೆಪಟ್ಟು ಆದದ್ದಲ್ಲ. ಗುಂಪು ಕಟ್ಟಿದ ಕಿಟ್ಟಿ ಒಮ್ಮೆ ಜಗಳವಾಡಿ ಹೊರಗೆ ಹೋದ, ಕುರ್ಚಿ ನನ್ನ ಪಾಲಿಗೆ ಬಂತು. ಮೂರು ದಿನದಲ್ಲಿ ಅವನು ವಾಪಸ್ ಬಂದ, ಕುರ್ಚಿ ಮಾತ್ರ ಬೇಡ ಅಂದ.

2025ರ ಆಗಸ್ಟ್‌ನ ಒಂದು ಬೆಳಿಗ್ಗೆ ಸಾಗರದ ಅತ್ತೆ ಈ ಫಾರ್ವರ್ಡ್ ಹಾಕಿದರು:

"ಅಮೆರಿಕದಲ್ಲಿ ಈಗ ಗಾಡಿಯ ತಲೆ ಮೇಲೆ ಒಂದು ತಟ್ಟೆ ಇಟ್ಟರೆ ಸಾಕು! ಕಾಡು, ಬೆಟ್ಟ, ಮರುಭೂಮಿ ಎಲ್ಲಿ ಹೋದರೂ ಫ್ರೀ ಇಂಟರ್ನೆಟ್!! ಸಿಮ್ ಬೇಡ, ಬಿಲ್ ಇಲ್ಲ. ಮುಂದಿನ ವಾರ ಭಾರತಕ್ಕೂ ಬರುತ್ತಿದೆ. ಹತ್ತು ಜನಕ್ಕೆ ಕಳಿಸಿ."

ಅದರ ಕೆಳಗೆ ಅತ್ತೆಯ ಸ್ವಂತ ಸಾಲು: "ಎರಡು ದಿನದಿಂದ ಫೋನ್ ಎತ್ತದೆ ಇರುವವರು ಓದಲಿ."

ಓದಬೇಕಾದವರು ಅಮೆರಿಕದ ಡೆನ್ವರ್‌ನ ಅಕ್ಕ ಮತ್ತು ಭಾವ. ಬಾಡಿಗೆಗೆ ಒಂದು ಆರ್‌ವಿ ಹಿಡಿದು, ಮಕ್ಕಳನ್ನು ಕಟ್ಟಿಕೊಂಡು ಅಲ್ಲಿನ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೋಗಿದ್ದರು. ಆರ್‌ವಿ ಅಂದರೆ ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಅತ್ತೆ ಅದನ್ನು "ಸಂಸಾರದ ಬಸ್ಸು" ಅನ್ನುತ್ತಾರೆ. ಅವರಿಗೆ ತಟ್ಟೆಯ ಮೇಲೆ ಆಸಕ್ತಿ ಏನೂ ಇರಲಿಲ್ಲ. ಕಾಡಿನಲ್ಲೂ ಇಂಟರ್ನೆಟ್ ಇದ್ದಮೇಲೆ ಬೇಕಂತಲೇ ಫೋನ್ ಎತ್ತುತ್ತಿಲ್ಲ ಎಂದು ಸಾಬೀತಾಗಬೇಕಿತ್ತು, ಅಷ್ಟೇ.

ಕಿಟ್ಟಿ: ಸೋರ್ಸ್?

ಅತ್ತೆ: ಎಂಥ ಸೋರ್ಸ್? ಪಕ್ಕದ ಮನೆಯವರು ಕಳಿಸಿದ್ದು.

ಕಿಟ್ಟಿ: ಇದು ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ವಿಷಯ. ಮುಂದಿನ ವಾರ ಖಂಡಿತ ಬರುವುದಿಲ್ಲ. ಜೂನ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆ ಲೈಸೆನ್ಸ್ ಕೊಟ್ಟಿದೆ. ಸ್ಪೆಕ್ಟ್ರಮ್, ಅಂದರೆ ಬಳಸಬೇಕಾದ ರೇಡಿಯೊ ತರಂಗ, ಇನ್ನೂ ಕೊಟ್ಟಿಲ್ಲ. ಓದದೆ ಯಾಕೆ ಕಳಿಸುತ್ತೀರಿ?

ಅತ್ತೆ: ನಿನಗೆ ಹುಡುಗಿ ತೋರಿಸಿದಾಗಲೂ ಹೀಗೇ ಸೋರ್ಸ್ ಕೇಳಿದ್ದೆ. ಅದಕ್ಕೇ ಇನ್ನೂ ಹಾಗೇ ಇದ್ದೀಯ.

ಇಷ್ಟು ಹೊತ್ತಿಗೆ ದೊಡ್ಡಪ್ಪ ಎದ್ದಿದ್ದರು. ಎದ್ದಿದ್ದರು ಅನ್ನುವುದು ತಪ್ಪು. ಅವರು ಐದಕ್ಕೇ ಎದ್ದು ಗುಲಾಬಿ ಹೂವಿನ ಶುಭೋದಯ ಹಾಕಿ ಕಾಯುತ್ತಿರುತ್ತಾರೆ.

ದೊಡ್ಡಪ್ಪ: ನಾವು ಕಾಶಿಗೆ ಹೋಗಿ ಬಂದದ್ದು 22 ದಿನ. ಮನೆಗೆ ಬರೆದದ್ದು ಒಂದು ಕಾರ್ಡು. ಆ ಕಾರ್ಡಿಗಿಂತ ಮೊದಲು ನಾವೇ ಮನೆಗೆ ಬಂದೆವು. ಯಾರಿಗೂ ಏನೂ ಆಗಲಿಲ್ಲ. ಪ್ರವಾಸ ಅಂದರೆ ಕಣ್ಣು ಬಿಟ್ಟು ನೋಡುವುದು. ಅಲ್ಲಿ ಇಂಟರ್ನೆಟ್ ಯಾಕೆ ಬೇಕು?

ಹೋದ ವರ್ಷ ಹಂಪಿಗೆ ಹೋದಾಗ ಹೋಟೆಲಿನಲ್ಲಿ ರೂಮಿನ ಕೀಲಿಗಿಂತ ಮೊದಲು ವೈಫೈ ಪಾಸ್‌ವರ್ಡ್ ಕೇಳಿದವರು ಇವರೇ. ನಾನು ಟೈಪ್ ಮಾಡಿ ಅಳಿಸಿದೆ.

ಆಮೇಲೆ ಆಸ್ಟಿನ್‌ನ ತಮ್ಮ ಬಂದ. ಅವನು ಹಿಂದಿನ ಬೇಸಿಗೆಯಲ್ಲಿ ಯೂಟಾದಲ್ಲಿ ಹತ್ತು ದಿನ ಆರ್‌ವಿ ಓಡಿಸಿದವನು. ಮೆಸೇಜ್ ಎಷ್ಟು ಉದ್ದ ಇತ್ತೆಂದರೆ "ಇನ್ನಷ್ಟು ಓದಿ" ಎಂದು ಎರಡು ಸಲ ಒತ್ತಬೇಕಾಯಿತು.

ಆಸ್ಟಿನ್ ತಮ್ಮ: ತಟ್ಟೆ ನಿಜ, ಫ್ರೀ ಸುಳ್ಳು. ತಟ್ಟೆಗೆ ಒಂದು ದುಡ್ಡು, ತಿಂಗಳಿಗೆ ಬೇರೆ ದುಡ್ಡು. ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುತ್ತಿರುತ್ತವೆ. ಒಂದು ಮರೆಯಾದರೆ ಇನ್ನೊಂದನ್ನು ಹಿಡಿಯಬೇಕು, ಅದಕ್ಕೆ ತಟ್ಟೆಗೆ ಆಕಾಶ ಅಗಲವಾಗಿ ಕಾಣಬೇಕು. ಯೆಲ್ಲೋಸ್ಟೋನ್ ಕ್ಯಾಂಪುಗಳಲ್ಲಿ ತಲೆ ಎತ್ತಿದರೆ ಪೈನ್ ಮರ. ಕೊಂಬೆ ಅಡ್ಡ ಬಂದಾಗಲೆಲ್ಲ ಕರೆ ಕಟ್. ಗಾಡಿಗೆ ನೆರಳು ಬೇಕು, ತಟ್ಟೆಗೆ ಬಯಲು ಬೇಕು. ಎಲ್ಲಿ ನಿಲ್ಲಿಸುವುದು ಎಂದು ಗಂಡ ಹೆಂಡತಿ ಜಗಳ ಶುರುವಾಗುವುದು ಇಲ್ಲೇ.

ಚಿಕ್ಕ ತಟ್ಟೆಗೂ 25ರಿಂದ 40 ವ್ಯಾಟ್ ಬೇಕು, ಅದೂ ಬಿಡದೆ. ಆ ಪಾರ್ಕಿನಲ್ಲಿ ಗಾಡಿಗೆ ಕರೆಂಟು, ನೀರು, ಚರಂಡಿ ಮೂರೂ ಸಿಗುವುದು ಫಿಶಿಂಗ್ ಬ್ರಿಡ್ಜ್ ಕ್ಯಾಂಪ್ ಒಂದರಲ್ಲೇ. ಉಳಿದ ಕಡೆ ಬ್ಯಾಟರಿಯೇ ಗತಿ. ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಜನರೇಟರ್ ಹಾಕುವ ಹಾಗಿಲ್ಲ. ಅತ್ತೆ ಪೂಜೆ ಮುಗಿಸಿ ಒಂಬತ್ತಕ್ಕೆ ಫೋನ್ ಮಾಡುತ್ತಾರಲ್ಲ, ಆಗ ಅಲ್ಲಿ ರಾತ್ರಿ ಒಂಬತ್ತೂವರೆ.

ಮೊಬೈಲ್ ಟವರ್ ಪಾರ್ಕಿನ ಕೆಲವೇ ಜಾಗದಲ್ಲಿದೆ. ವೆರೈಝನ್, ಎಟಿ ಅಂಡ್ ಟಿ, ಟಿ-ಮೊಬೈಲ್ ಮೂರರಲ್ಲಿ ಒಂದು ಸಿಗದ ಕಡೆ ಇನ್ನೊಂದು ಸಿಗಬಹುದು. ಹಾಗಾಗಿ ಅನುಭವ ಇದ್ದವರು ಎರಡು ಕಂಪನಿಯ ಸಿಮ್ ಇಟ್ಟುಕೊಳ್ಳುತ್ತಾರೆ. ಅನ್‌ಲಿಮಿಟೆಡ್ ಪ್ಲ್ಯಾನ್ ಅಂದರೂ ಹಾಟ್‌ಸ್ಪಾಟ್‌ಗೆ ಸಾಮಾನ್ಯವಾಗಿ ಮಿತಿ ಇದೆ, ಮುಗಿದ ಮೇಲೆ ಎತ್ತಿನಗಾಡಿ. ಸಿಗ್ನಲ್ ಹೆಚ್ಚಿಸಲು ಬೂಸ್ಟರ್ ಅಂತ ಮಾರುತ್ತಾರೆ. ಒಂದು ಕಡ್ಡಿ ಇದ್ದರೆ ಎರಡು ಮಾಡಬಹುದು, ಸೊನ್ನೆ ಇದ್ದರೆ ಸೊನ್ನೆಯೇ. ಇನ್ನು ಬೇರೆ ಕಡೆಯ ಕ್ಯಾಂಪುಗಳ ವೈಫೈ: ಒಂದು ಲೈನು, ನೂರು ಗಾಡಿ, ಸಂಜೆ ಎಲ್ಲರೂ ಸಿನಿಮಾ ಹಾಕುತ್ತಾರೆ. ನಲ್ಲಿ ದೊಡ್ಡದು ಮಾಡಿದರೆ ಟ್ಯಾಂಕ್ ತುಂಬುವುದಿಲ್ಲ, ಅಲ್ವಾ?

ಇಷ್ಟು ಚೆನ್ನಾಗಿ ಬರೆದಿದ್ದ. ಗುಂಪಿನಲ್ಲಿ ಇದನ್ನು ಕೊನೆಯ ತನಕ ಓದಿದವಳು ನಾನೊಬ್ಬಳೇ ಇರಬೇಕು. ಬಂದ ಮೊದಲ ಉತ್ತರ ಮೈಸೂರಿನ ಚಿಕ್ಕಮ್ಮನದು: "ಇಷ್ಟುದ್ದ ಟೈಪ್ ಮಾಡಲು ಬರುತ್ತದೆ, ನನ್ನ ಅರವತ್ತರ ಶಾಂತಿಗೆ ಮಾತ್ರ ಒಂದು ಕೇಕಿನ ಚಿತ್ರ."

ಕಿಟ್ಟಿ ಇದೇ ಸಮಯ ಎಂದು ಕೇಳಿದ: "ಐಫೋನ್ 14 ಮತ್ತು ಅದರ ನಂತರದ ಫೋನಿನಿಂದ ಉಪಗ್ರಹದ ಮೂಲಕವೇ ತುರ್ತು ಸಂದೇಶ ಕಳಿಸಬಹುದು. ಭಾವನ ಹತ್ತಿರ ಇದೆಯಲ್ಲ?"

ಆಸ್ಟಿನ್ ತಮ್ಮ: ಅದು ಕಾಲು ಮುರಿದುಕೊಂಡವರಿಗೆ ಮಾರಾಯ. ಊಟ ಆಯ್ತು ಎಂದು ಅತ್ತೆಗೆ ಹೇಳುವುದಕ್ಕಲ್ಲ.

ಅತ್ತೆ: ಅಂದರೆ ನನ್ನ ಫೋನು ಯಾರಿಗೂ ತುರ್ತಲ್ಲ. ಸರಿ.

ನೋಡಿ, ಇಲ್ಲಿಗೆ ತಟ್ಟೆಯ ವಿಷಯ ಮುಗಿಯಿತು. ಇದರ ಬುಡ ಇರುವುದು ಅತ್ತೆಯ ಗೃಹಪ್ರವೇಶದಲ್ಲಿ. ಅಂದು ಭಾವ ವೀಡಿಯೊದಲ್ಲಿ ನೋಡುತ್ತೇನೆ ಎಂದಿದ್ದರು. ಅತ್ತೆ ಹೋಮಕುಂಡದ ಪಕ್ಕ ಲ್ಯಾಪ್‌ಟಾಪ್‌ಗೂ ಒಂದು ಮಣೆ ಹಾಕಿದ್ದರು. ಪೂರ್ಣಾಹುತಿ ಹೊತ್ತಿಗೆ ಭಾವನ ಮುಖ ನಿಂತುಹೋಯಿತು, ಬಾಯಿ ಅರ್ಧ ತೆರೆದ ಹಾಗೆ. ನೆಟ್‌ವರ್ಕ್ ಹೋಯಿತು ಎಂದು ಆಮೇಲೆ ಹೇಳಿದರು. ಅದೇ ದಿನ ಅವರು ಯಾವುದೋ ಹೋಟೆಲಿನಲ್ಲಿ ಪಿಜ್ಜಾ ತಿನ್ನುವ ಫೋಟೋ ಸಿಕ್ಕಿತು. ಹುಡುಕಿ ತೋರಿಸಿದವನು ಸೋರ್ಸ್ ಕೇಳುವ ಈ ಕಿಟ್ಟಿಯೇ. ಅಂದಿನಿಂದ ನಮ್ಮಲ್ಲಿ "ನೆಟ್‌ವರ್ಕ್ ಇರಲಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ.

ಮಧ್ಯಾಹ್ನ ಸೀತು ನುಗ್ಗಿದಳು.

ಸೀತು: ಜೋಗಕ್ಕೆ ಮೆಟಡಾರ್‌ನಲ್ಲಿ ಹೋದದ್ದು ನೆನಪಿದೆಯಾ? ಪಂಪ್ ಸ್ಟೌ, ಪುಳಿಯೋಗರೆ, ಜಮಖಾನ, ಎರಡು ಚೊಂಬು. ಅದೇ ನಮ್ಮ ಆರ್‌ವಿ!!

ಅಲ್ಲಿಂದ ಸುಮ್ನೆ ನಲವತ್ತು ಮೆಸೇಜ್. ತಾಳಗುಪ್ಪದ ತಿರುವಿನಲ್ಲಿ ವಾಂತಿ ಮಾಡಿದವರು ಯಾರು, ಚಟ್ನಿಪುಡಿ ಡಬ್ಬಿ ಬಂಡೆಯ ಮೇಲೆ ಮರೆತವರು ಯಾರು, ಜಲಪಾತ ಕಾಣದಂತೆ ಮಂಜು ಮುಚ್ಚಿದಾಗ ದೊಡ್ಡಪ್ಪ ಹಾಡಿದ ದೇವರನಾಮ ಯಾವುದು. ಒಂದು ಗಂಟೆ ಗುಂಪು ಚೆನ್ನಾಗಿತ್ತು. ಆಮೇಲೆ ದೊಡ್ಡಪ್ಪ "ಅಂದು ಎಲ್ಲ ಖರ್ಚು ನಾನೇ ನೋಡಿಕೊಂಡೆ, ಲೆಕ್ಕ ಕೇಳಲಿಲ್ಲ" ಎಂದು ಹಾಕಿದರು.

ಅತ್ತೆ: ಡೀಸೆಲ್ ಹಾಕಿಸಿದ್ದು ನಮ್ಮವರು. ಅವರು ಈಗ ಇಲ್ಲ. ಅದಕ್ಕೆ ಯಾರು ಏನು ಬೇಕಾದರೂ ಹೇಳಬಹುದು.

ಆಮೇಲೆ ಯಾರೂ ಮಾತಾಡಲಿಲ್ಲ. ಅತ್ತೆ ಸಂಜೆಯೂ ಬರಲಿಲ್ಲ, ರಾತ್ರಿಯೂ ಬರಲಿಲ್ಲ. ಮೆಸೇಜಿಗೆ ಒಂದೇ ಟಿಕ್. ನೊಂದುಕೊಂಡಿದ್ದಾರೆ, ಡೇಟಾ ಆಫ್ ಮಾಡಿ ಮಲಗಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದೆವು. ಸಮಾಧಾನ ಮಾಡು ಎಂದು ಮೂವರು ನನಗೆ ಬೇರೆ ಬೇರೆ ಫೋನ್ ಮಾಡಿದರು. ಕ್ಷಮೆ ಕೇಳು ಎಂದು ದೊಡ್ಡಪ್ಪನಿಗೆ ಒಬ್ಬರೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಬಂದಳು.

ಅಕ್ಕ: ಪಾರ್ಕಿನಿಂದ ಹೊರಗೆ, ವೆಸ್ಟ್ ಯೆಲ್ಲೋಸ್ಟೋನ್ ಊರಿಗೆ ಬಂದೆವು. ಈಗ ಸಿಗ್ನಲ್ ಸಿಕ್ಕಿತು. 143 ಮೆಸೇಜ್! ಯಾರಿಗೆ ಏನಾಯಿತು? ಎದೆ ಹೊಡೆದುಕೊಳ್ಳುತ್ತಿದೆ.

ನಾನು: ಯಾರಿಗೂ ಏನಿಲ್ಲ. ಜೋಗ, ಡೀಸೆಲ್. ನಿಮ್ಮ ಗಾಡಿ ಮೇಲೆ ತಟ್ಟೆ ಇದೆಯಾ?

ಅಕ್ಕ: ಯಾವ ತಟ್ಟೆ? ಬಾಡಿಗೆಗೆ ಕೊಟ್ಟವರು ಗಾಡಿಯಲ್ಲೇ ವೈಫೈ ಇದೆ ಅಂದಿದ್ದರು. ಇದ್ದದ್ದು ರೂಟರ್. ಇವರು ಎರಡು ದಿನ ಅದನ್ನು ಆಫ್ ಮಾಡಿ ಆನ್ ಮಾಡಿ ಮೂರನೇ ದಿನ ಬಿಚ್ಚಿ ನೋಡಿದರು. ಒಳಗೆ ಸಿಮ್ಮೇ ಇಲ್ಲ.

ಆಸ್ಟಿನ್ ತಮ್ಮ ತಲೆ ಚಚ್ಚಿಕೊಳ್ಳುವ ಚಿತ್ರ ಹಾಕಿದ.

ಅಕ್ಕ: ಇಲ್ಲಿ ಇವತ್ತು ಬೆಳಿಗ್ಗೆ ಓಲ್ಡ್ ಫೇಯ್ತ್‌ಫುಲ್ ಹತ್ತಿರ ಬಿಸಿನೀರು ಚಿಮ್ಮುವುದಕ್ಕೆ ಕಾಯುತ್ತಿದ್ದಾಗ ಒಂದು ಕಡ್ಡಿ ಬಂತು. ಅಷ್ಟು ಜನರ ಮಧ್ಯೆ ವಾಟ್ಸಾಪ್ ಓಡಲಿಲ್ಲ, ಮಾಮೂಲಿ ಕರೆ ಹೋಯಿತು. ಅತ್ತೆಗೇ ಮೊದಲು ಮಾಡಿದ್ದು. ಮೂರು ಸಲ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಬಂತು. ನಿಮ್ಮಲ್ಲಿ ಆಗ ನಿನ್ನೆ ರಾತ್ರಿ ಎಂಟೂವರೆ ಇರಬೇಕು.

ಮಧ್ಯಾಹ್ನ ಎರಡಕ್ಕೆ ಅತ್ತೆ ಬಂದರು. ಎಲ್ಲರ ಮೆಸೇಜಿಗೂ ಒಟ್ಟಿಗೆ ಎರಡು ಟಿಕ್, ಹಿಂದೆಯೇ ನೀಲಿ.

ಅತ್ತೆ: ಮಳೆಗೆ ನಿನ್ನೆಯಿಂದ ಕರೆಂಟಿಲ್ಲ. ಟವರಿನ ಬ್ಯಾಟರಿಯೂ ಸತ್ತಿತ್ತು. ನೆಟ್‌ವರ್ಕ್ ಇರಲಿಲ್ಲ.

ಕಿಟ್ಟಿ: ಸೋರ್ಸ್?

ಅತ್ತೆ ಗುಂಪು ಬಿಟ್ಟರು ಎಂದು ವಾಟ್ಸಾಪ್ ತೋರಿಸಿತು. ಮತ್ತೆ ಸೇರಿಸಬೇಕು. ಸಂಜೆ ತನಕ ಕಾಯುತ್ತೇನೆ, ಈಗಲೇ ಸೇರಿಸಿದರೆ ಅದಕ್ಕೂ ಬೇಜಾರು.