ಬಿಎಸ್ಸಿ ಆದ್ಮೇಲೆ ಮೆದುಳಿನ ರಿಸರ್ಚ್: ನಮ್ಮ ಕಡೆಯಿಂದ ಹೋದವರು ಯಾರಾದ್ರೂ ಇದ್ದೀರಾ?

ಲೈಟ್‌ಹೌಸ್ ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಬೇಡಿ. ಮನೆ ಕಾಪು ಹತ್ತಿರ, ಉಡುಪಿಯಲ್ಲಿ ಬಿಎಸ್ಸಿ ಕೊನೆ ವರ್ಷ, ಝುವಾಲಜಿ ಕೆಮಿಸ್ಟ್ರಿ.

ನನ್ನ ತಮ್ಮನಿಗೆ ಈಗ 11 ವರ್ಷ. ಆರು ತಿಂಗಳ ಮಗು ಇರುವಾಗ ತಡವಾಗಿ ಮೂರನೇ ಡಿಪಿಟಿ ಇಂಜೆಕ್ಷನ್ ಹಾಕಿಸಿ ತಂದ್ರು, ರಾತ್ರಿ ಜ್ವರ ಬಂತು, ಜ್ವರದ ಜೊತೆಗೆ ಫಿಟ್ಸ್, ಬಲಗೈ ಬಲಗಾಲು ಮಾತ್ರ ಅರ್ಧ ಗಂಟೆ ಎಳೀತಾ ಇತ್ತು. ನಾನು ಆಗ ನಾಲ್ಕನೇ ಕ್ಲಾಸ್. ಅಪ್ಪ ರಿಕ್ಷಾ ತರ್ಲಿಕ್ಕೆ ಓಡಿದ್ದು, ಅಜ್ಜಿ ಗೋದ್ರೇಜಿನ ಬೀಗದಕೈ ತಂದು ಮಗುವಿನ ಮುಷ್ಟಿಯೊಳಗೆ ತುರುಕಿದ್ದು ಈಗಲೂ ಕಣ್ಣೆದುರೇ ಉಂಟು. ಆಮೇಲೆ ಒಂದು ಕಡೆ ಕೊಟ್ಟ ಮಾತ್ರೆಯಲ್ಲಿ ಫಿಟ್ಸ್ ಕಮ್ಮಿ ಆಗುದು ಬಿಟ್ಟು ಜಾಸ್ತಿ ಆಯ್ತು, ಡೋಸ್ ಸಾಕಾಗ್ಲಿಲ್ಲ ಅಂತ ಅದನ್ನೇ ಏರಿಸಿ ಏರಿಸಿ ಎರಡು ವರ್ಷ ತಿನ್ನಿಸಿದ್ದೇವೆ. ಕೊನೆಗೆ ಬೆಂಗಳೂರಿಗೆ ಕರ್ಕೊಂಡು ಹೋದಾಗ ಜೀನ್ ಟೆಸ್ಟ್ ಮಾಡಿಸಿ ಡ್ರಾವೆ ಸಿಂಡ್ರೋಮ್ ಅಂದ್ರು, ಜೀನ್ ತೊಂದರೆಯಿಂದ ಬರುವ ಫಿಟ್ಸ್ ಕಾಯಿಲೆ, ರಿಪೋರ್ಟಲ್ಲಿ ಎಸ್‌ಸಿಎನ್1ಎ ಅನ್ನುವ ಜೀನಿನ ಹೆಸರು ಇತ್ತು, ಮಾತ್ರೆ ಬದಲಾಯಿಸಿದ್ರು, ಈಗ ತಿಂಗಳಿಗೆ ಒಂದೋ ಎರಡೋ. ಮಾತು ಸ್ವಲ್ಪವೇ ಬರ್ತದೆ.

ಆ ರಿಪೋರ್ಟನ್ನು ನಾನು ಪಿಯುಸಿಯಲ್ಲಿ ಇರುವಾಗ ತೆಗೆದು ಓದಿದ್ದು. ಒಂದು ಅಕ್ಷರ ಬದಲಾದ್ರೆ ಇಷ್ಟೆಲ್ಲ ಆಗ್ತದಾ ಅಂತ ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ನಂಗೆ ಮೆದುಳು ಹೇಗೆ ಬೆಳೀತದೆ, ಎಲ್ಲಿ ತಪ್ಪುತ್ತದೆ ಅನ್ನುವುದರ ಮೇಲೆಯೇ ಕೆಲಸ ಮಾಡ್ಬೇಕು. ಅಪ್ಪ ಬಿಎಡ್ ಮಾಡು ಅಂತಾರೆ, ಅತ್ತೆ ಬ್ಯಾಂಕ್ ಕೋಚಿಂಗ್ ಅಂತಾರೆ, ನಮ್ಮ ಊರಲ್ಲಿ ಬ್ಯಾಂಕ್ ಅಂದ್ರೆ ಗೊತ್ತಲ್ಲ. ಎಂಬಿಬಿಎಸ್ ಇಲ್ಲದೆ ಇದಕ್ಕೆ ಹೋಗ್ಲಿಕ್ಕೆ ಆಗ್ತದಾ? ಎಷ್ಟು ವರ್ಷ ಹಿಡೀತದೆ? ಅಷ್ಟು ದಿನ ಮನೆಯಿಂದ ದುಡ್ಡು ಕೇಳ್ಬೇಕಾ? ಮನೆಯಲ್ಲಿ ಕೇಳುವ ಸ್ಥಿತಿ ಇಲ್ಲ.

ಚಾರ್ಮಾಡಿ ಅಕ್ಕ:

ತಂಗಿ, ನಾನು ಬೆಳ್ತಂಗಡಿ ಕಡೆಯವಳು, ಈಗ ಬೆಂಗಳೂರಲ್ಲಿ ಪಿಎಚ್‌ಡಿ ಐದನೇ ವರ್ಷ, ಇಲಿ ಮೆದುಳಿನ ಬೆಳವಣಿಗೆ ಮೇಲೆ ಕೆಲಸ. ಎಂಬಿಬಿಎಸ್ ಬೇಡ. ನಮ್ಮ ಲ್ಯಾಬಿನ ಎಂಟು ಜನರಲ್ಲಿ ಡಾಕ್ಟ್ರು ಒಬ್ಬರೇ, ಒಬ್ಬ ಫಿಸಿಕ್ಸ್ ಓದಿದವ, ಒಬ್ಳು ವೆಟರ್ನರಿ, ಉಳಿದವರೆಲ್ಲ ನಿನ್ನ ಹಾಗೆ ಬಿಎಸ್ಸಿ ಎಮ್ಮೆಸ್ಸಿ. ಮುಂಬೈಯ ಟಿಐಎಫ್‌ಆರ್ ಅನ್ನುವ ರಿಸರ್ಚ್ ಸಂಸ್ಥೆಯ ಶುಭಾ ತೋಳೆಯವರ ಹೆಸರು ಕೇಳಿರ್ಬಹುದು, ಹುಟ್ಟುವ ಮೊದಲು ಮೆದುಳು ಹೇಗೆ ರೂಪ ತಗೊಳ್ತದೆ ಅನ್ನುವುದೇ ಅವರ ವಿಷಯ, 2014ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು, ಅವರು ಶುರು ಮಾಡಿದ್ದೂ ಬಿಎಸ್ಸಿಯಿಂದಲೇ.

ನಿನ್ನ ತಮ್ಮನ ಜೀನ್ ಬಗ್ಗೆ ಒಂದು ಮಾತು ಹೇಳ್ತೇನೆ, ಆಗ ಈ ಕೆಲಸ ಎಂತದ್ದು ಅಂತ ಗೊತ್ತಾಗ್ತದೆ. ಎಸ್‌ಸಿಎನ್1ಎ ಅನ್ನುವುದು ನರಕೋಶದ ಗೋಡೆಯಲ್ಲಿ ಸೋಡಿಯಂ ಒಳಗೆ ಬಿಡುವ ಒಂದು ಬಾಗಿಲಿನ ಜೀನ್. ಡ್ರಾವೆಗೂ ಅದಕ್ಕೂ ಸಂಬಂಧ ಉಂಟು ಅಂತ ಗೊತ್ತಾದದ್ದು 2001ರಲ್ಲಿ. ಆದ್ರೆ ಲೆಕ್ಕ ಕೂಡ್ತಿರಲಿಲ್ಲ, ಬಾಗಿಲು ಅರ್ಧ ಮುಚ್ಚಿದ್ರೆ ಕೋಶ ಸುಮ್ಮನಾಗ್ಬೇಕು, ಫಿಟ್ಸ್ ಯಾಕೆ ಬರ್ಬೇಕು? 2006ರಲ್ಲಿ ಸಿಯಾಟಲ್‌ನ ವಿಲಿಯಂ ಕ್ಯಾಟರಾಲ್ ಲ್ಯಾಬಿನವರು ಆ ಜೀನ್ ಕೆಡಿಸಿದ ಇಲಿ ಮಾಡಿ ನೋಡಿದ್ರೆ ಸುಮ್ಮನಾದದ್ದು ಮುಖ್ಯವಾಗಿ ಬ್ರೇಕ್ ಹಾಕುವ ಕೋಶಗಳು, ಬೇರೆಯವರನ್ನು ತಡೆಯುವವು. ಚಾರ್ಮಾಡಿ ಇಳಿಯುವ ಬಸ್ಸಿಗೆ ಇಂಜಿನ್ ಸರಿ ಉಂಟು ಬ್ರೇಕ್ ಮಾತ್ರ ಹೋಗಿದೆ ಅಂದ್ಕೋ. ಫಿಟ್ಸಿಗೆ ಕೊಡುವ ಕೆಲವು ಮಾತ್ರೆಗಳು ಮಾಡುದು ಎಂತ ಅಂದ್ರೆ ಇದೇ ಸೋಡಿಯಂ ಬಾಗಿಲು ಮುಚ್ಚುದು. ಉಳಿದ ಅರೆ ಬ್ರೇಕೂ ಹೋಯ್ತು. ನಿಮ್ಮ ಮನೆಯ ಆ ಎರಡು ವರ್ಷದ ಕತೆ ಅದೇ ಇರ್ಬೇಕು. ಮತ್ತೆ ಆರು ತಿಂಗಳವರೆಗೆ ಮಗು ಸರಿ ಇದ್ದದ್ದು ಯಾಕೆ ಅಂದ್ರೆ, ಶುರುವಿನಲ್ಲಿ ಬೇರೆ ಒಂದು ಸೋಡಿಯಂ ಬಾಗಿಲು ಕೆಲಸ ನೋಡ್ಕೊಳ್ತದೆ, ಹುಟ್ಟಿದ ಮೇಲೆ ಅದು ಮೆಲ್ಲ ಹಿಂದೆ ಸರಿದು ಈ ಎಸ್‌ಸಿಎನ್1ಎಯದ್ದಕ್ಕೆ ಚಾರ್ಜ್ ಕೊಡ್ತದೆ, ಚಾರ್ಜ್ ತಗೊಳ್ಬೇಕಾದವ ಇಲ್ಲದಿದ್ದಾಗ ಗೊತ್ತಾಗ್ತದೆ. ಕಾಯಿಲೆ ಬೇರೆ, ಬೆಳವಣಿಗೆ ಬೇರೆ ಅಂತ ಎರಡು ಡಿಪಾರ್ಟ್‌ಮೆಂಟ್ ಮಾಡ್ಲಿಕ್ಕೆ ಆಗುದಿಲ್ಲ ಇಲ್ಲಿ.

ದಿನದ ಕೆಲಸ ಮಾತ್ರ ಇಷ್ಟು ಚಂದ ಇಲ್ಲ. ಬೆಳಿಗ್ಗೆ ಇಲಿ ಮನೆಗೆ ಹೋಗಿ ಹೆಣ್ಣಿಲಿಯನ್ನು ಬಾಲದ ಬುಡದಿಂದ ಎತ್ತಿ ಪ್ಲಗ್, ಅಂದ್ರೆ ರಾತ್ರಿ ಗಂಡಿಲಿ ಜೊತೆ ಕೂಡಿದ್ದರ ಗುರುತು, ಉಂಟಾ ನೋಡುದು, ಕಂಡ್ರೆ ಅವತ್ತು ಗರ್ಭದ ಅರ್ಧ ದಿನ ಅಂತ ಕಾರ್ಡಿನಲ್ಲಿ ಬರೆಯುದು, ಅಲ್ಲಿಂದ ದಿನ ಎಣಿಸುದು. ಹದಿನಾಲ್ಕೂವರೆ ದಿನಕ್ಕೆ ಸರ್ಜರಿ ಅಂದ್ರೆ ಅವತ್ತೇ, ಅದು ದೀಪಾವಳಿ ಆದ್ರೂ ಅಷ್ಟೆ, ಊರಿನ ಭೂತದ ನೇಮ ಆದ್ರೂ ಅಷ್ಟೆ. ಮೂರು ವರ್ಷದಿಂದ ನಾನು ನೇಮ ನೋಡುದು ವಾಟ್ಸಾಪಿನಲ್ಲಿ. ಮೆದುಳು ತೆಗೆದು ಐಸಿನಷ್ಟು ತಣ್ಣಗಿನ ದ್ರಾವಣದಲ್ಲಿಟ್ಟು 300 ಮೈಕ್ರಾನಿನ ಸ್ಲೈಸ್ ಮಾಡಿ, ಆಕ್ಸಿಜನ್ ಗುಳ್ಳೆ ಬಿಡುತ್ತಾ ಇದ್ರೆ ಕೆಲವು ಗಂಟೆ ಜೀವ ಇರ್ತದೆ, ಅಷ್ಟರಲ್ಲಿ ಗಾಜಿನ ಸೂಜಿ ಒಂದೊಂದೇ ಕೋಶಕ್ಕೆ ಅಂಟಿಸಿ ಕರೆಂಟ್ ಅಳೆಯುದು. ನಾಲ್ಕು ಕೋಶ ಸಿಕ್ಕಿದ್ರೆ ಒಳ್ಳೆ ದಿನ. ಪಕ್ಕದ ರೂಮಲ್ಲಿ ಯಾರೋ ಬಾಗಿಲು ಧಡ್ ಅಂತ ಹಾಕಿದ್ರೆ ಮೂರು.

ದುಡ್ಡಿನ ವಿಷಯ. ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್, ಅಂದ್ರೆ ರಿಸರ್ಚ್ ಮಾಡುವವರಿಗೆ ಕೊಡುವ ಫೆಲೋಶಿಪ್, ಸಿಕ್ಕಿದ್ರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಎಚ್‌ಆರ್‌ಎ ಬೇರೆ, 2023ರಲ್ಲಿ ಏರಿಸಿದ ರೇಟ್ ಇದು. ಮನೆಗೆ ಕೇಳ್ಬೇಕಾಗಿಲ್ಲ, ಸ್ವಲ್ಪ ಕಳಿಸ್ಲಿಕ್ಕೂ ಆಗ್ತದೆ.

ಹ್ವಾಯ್ ಕುಂದಾಪ್ರ:

ಹ್ವಾಯ್, ಒಳ್ಳೆ ಸುದ್ದಿ ಎಲ್ಲ ಆಯ್ತಲೆ, ಕಷ್ಟದ್ ಸುದ್ದಿ ನಾನ್ ಹೇಳ್ತೆ. ನಂದು ಪಿಎಚ್‌ಡಿ ಆರೂವರೆ ವರ್ಷ, ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಆದ್ಮೇಲಿನ ರಿಸರ್ಚ್ ಕೆಲಸ ಜರ್ಮನಿಯಲ್ಲಿ ಮೂರು, ಇಲ್ಲಿಗೆ ಬಂದ್ಮೇಲೆ ಎರಡು. ಮೂವತ್ತಾರು ತುಂಬಿತು, ಜಾಹೀರಾತು ನೋಡಿ ನೋಡಿ ಅರ್ಜಿ ಹಾಕಿದ್ದೇ ಬಂತು, ಎರಡು ಇಂಟರ್ವ್ಯೂ ತನಕ ಹೋಯ್ತು, ಒಂದರಲ್ಲಿ ಆ ಪೋಸ್ಟನ್ನೇ ರದ್ದು ಮಾಡಿದ್ರು. ಈಗ ಕಂಪನಿಯಲ್ಲಿ ಡೇಟಾ ಕೆಲಸ, ಸಂಬಳ ಚೆನ್ನಾಗುಂಟು, ಮೆದುಳಿನ ಚಿತ್ರ ನೋಡುದು ಮಾತ್ರ ಇಲ್ಲ.

37,000 ಅಂತ ಅಕ್ಕ ಹೇಳಿದ್ದು ಸರಿ, ಆದ್ರೆ ಅದು ತಿಂಗಳು ತಿಂಗಳು ಬರ್ತದೆ ಅಂತ ಹೇಳ್ಲಿಲ್ಲ ಅಲ್ದಾ! ನಾನಿದ್ದ ಕಡೆ ಒಂದ್ಸಲ ಎಂಟು ತಿಂಗಳು ಬರ್ಲಿಲ್ಲ, ಒಂದು ಕಾಗದದಲ್ಲಿ ಒಂದು ಸೀಲ್ ಇಲ್ಲ ಅಂತ. ಮೆಸ್ ಭಟ್ರು ಸಾಲ ಕೊಟ್ರು, ಅವರ ಹೆಸರನ್ನು ಥೀಸಿಸಿನ ಕೃತಜ್ಞತೆಯಲ್ಲಿ ಗೈಡಿಗಿಂತ ಮೇಲೆ ಹಾಕಿದ್ದೆ.

ಇನ್ನೊಂದು. ತಮ್ಮನನ್ನು ಗುಣ ಮಾಡ್ತೇನೆ ಅಂತ ಹೋಗ್ಬೇಡಿ. ಶಾರ್ಲೆಟ್ ಡ್ರಾವೆ ಈ ಕಾಯಿಲೆಯನ್ನು ಬೇರೆ ಮಾಡಿ ಬರೆದದ್ದು 1978ರಲ್ಲಿ. ಜೀನ್ ಸಿಕ್ಕಿದ್ದು 2001. ಅಮೆರಿಕದಲ್ಲಿ ಫೆನ್‌ಫ್ಲುರಮಿನ್ ಅನ್ನುವ ಔಷಧಿಗೆ ಡ್ರಾವೆಗಾಗಿ ಒಪ್ಪಿಗೆ ಸಿಕ್ಕಿದ್ದು 2020, ಅದೂ ಹೊಸದಾಗಿ ಮಾಡಿದ್ದಲ್ಲ, ತೂಕ ಇಳಿಸ್ಲಿಕ್ಕೆ ಇದ್ದ ಹಳೇ ಮಾತ್ರೆ, ಹೃದಯದ ಕವಾಟ ಹಾಳು ಮಾಡ್ತದೆ ಅಂತ 1997ರಲ್ಲಿ ಮಾರ್ಕೆಟಿನಿಂದ ತೆಗೆದದ್ದು. 78ರಲ್ಲಿ ಹುಟ್ಟಿದ ಮಗುವಿಗೆ ಆವಾಗ 42 ವರ್ಷ. ಲೆಕ್ಕ ನೀವೇ ಹಾಕಿ.

ಚಾರ್ಮಾಡಿ ಅಕ್ಕ:

ಕುಂದಾಪ್ರದವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಲೇಟಾಗುದು ನಮ್ಮಲ್ಲೂ ಉಂಟು, ಮೂರು ತಿಂಗಳ ಖರ್ಚು ಯಾವತ್ತೂ ತೆಗೆದಿಡ್ಬೇಕು. ಆದ್ರೆ ಅವಳ ತಮ್ಮನಿಗೆ ಈಗ ಫಿಟ್ಸ್ ಕಮ್ಮಿ ಆದದ್ದು ಹೊಸ ಔಷಧಿಯಿಂದ ಅಲ್ಲ ಸಾರ್, ಯಾವ ಮಾತ್ರೆ ಕೊಡ್ಬಾರ್ದು ಅಂತ ಗೊತ್ತಾದದ್ದರಿಂದ. ಅದಕ್ಕೆ 42 ವರ್ಷ ಕಾಯ್ಬೇಕಾಗಿರಲಿಲ್ಲ.

ಮಕ್ಕಳ ವಾರ್ಡ್:

ಮಂಗಳೂರಲ್ಲಿ ಮಕ್ಕಳ ಡಾಕ್ಟ್ರು ನಾನು, ರಿಸರ್ಚ್ ಮಾಡಿದವ ಅಲ್ಲ. ಎರಡು ವಿಷಯ ಮಾತ್ರ ಹೇಳಿ ಹೋಗ್ತೇನೆ.

ಒಂದು, ಇಂಜೆಕ್ಷನ್ ಹಾಕಿಸಿದ್ದಕ್ಕೇ ಹೀಗಾಯ್ತು ಅಂತ ನಿಮ್ಮ ಮನೆಯಲ್ಲಿ ಯಾರಾದ್ರೂ ಇವತ್ತಿಗೂ ಕೊರಗ್ತಾ ಇದ್ರೆ ಅವರಿಗೆ ಹೇಳಮ್ಮ. ಆಸ್ಟ್ರೇಲಿಯಾದ ಸ್ಯಾಮುಯೆಲ್ ಬರ್ಕೋವಿಕ್ ಅವರ ತಂಡ 2006ರಲ್ಲಿ, ಲಸಿಕೆಯಿಂದ ಮೆದುಳು ಹಾಳಾಯ್ತು ಅಂತ ಹಣೆಪಟ್ಟಿ ಬಿದ್ದಿದ್ದ 14 ಜನರನ್ನು ಪರೀಕ್ಷೆ ಮಾಡಿ ನೋಡಿದ್ರೆ 11 ಜನರಲ್ಲಿ ಇದೇ ಎಸ್‌ಸಿಎನ್1ಎ ತೊಂದರೆ ಇತ್ತು. ಜ್ವರ ನೆಪ ಆಯ್ತು ಅಷ್ಟೆ, ಇಂಜೆಕ್ಷನ್ ಇಲ್ಲದಿದ್ರೆ ಇನ್ಯಾವುದೋ ಜ್ವರಕ್ಕೆ ಬರ್ತಿತ್ತು. ಮತ್ತೆ ಹೆಚ್ಚಿನ ಮಕ್ಕಳಲ್ಲಿ ಈ ಬದಲಾವಣೆ ಹೊಸದಾಗಿ ಆದದ್ದು, ಅಪ್ಪ ಅಮ್ಮನಿಂದ ಬಂದದ್ದಲ್ಲ. ಅಮ್ಮನಿಗೆ ಈ ಮಾತು ಕೂತು ನಿಧಾನ ಹೇಳು.

ಎರಡು, ಇದನ್ನು ಓದುವ ಬೇರೆ ಅಪ್ಪ ಅಮ್ಮಂದಿರಿಗೆ, ಇಲ್ಲಿ ಮಾತ್ರೆ ವಿಷಯ ನೋಡಿ ನಿಮ್ಮ ಮಗುವಿನ ಮಾತ್ರೆ ನಿಲ್ಲಿಸ್ಲಿಕ್ಕೆ ಹೋಗ್ಬೇಡಿ. ಒಂದು ಕಾಯಿಲೆಗೆ ಆಗದ ಮಾತ್ರೆ ಇನ್ನೊಂದಕ್ಕೆ ಪ್ರಾಣ ಉಳಿಸ್ತದೆ. ಫಿಟ್ಸ್ ಬಂದಾಗ ಬೀಗದಕೈ ಬೇಡ, ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆ.

ಲೈಟ್‌ಹೌಸ್ ಹುಡುಗಿ:

ಡಾಕ್ಟ್ರೇ, ಅಮ್ಮನಿಗೆ ನಿನ್ನೆ ರಾತ್ರಿ ಓದಿ ಹೇಳಿದೆ. ಎಂತದ್ದೂ ಮಾತಾಡ್ಲಿಲ್ಲ, ಎದ್ದು ಹೋಗಿ ಪಾತ್ರೆ ತೊಳೆದ್ರು. ಬೆಳಿಗ್ಗೆ ತಿಂಡಿ ಕೊಡುವಾಗ ಆ 11 ಜನ ಅಂತ ಹೇಳಿದ್ದು ಯಾವ ಊರಿನವರು ಅಂತ ಕೇಳಿದ್ರು.

ಅಕ್ಕ, ಕುಂದಾಪ್ರದ ಅಣ್ಣ, ಇಬ್ಬರಿಗೂ ಥ್ಯಾಂಕ್ಸ್. ಅಣ್ಣ, ತಮ್ಮನನ್ನು ಗುಣ ಮಾಡ್ತೇನೆ ಅಂತ ನಂಗೆ ಅನ್ನಿಸಿದ್ದು ಪಿಯುಸಿಯಲ್ಲಿ, ಈಗ ಅಷ್ಟಿಲ್ಲ. ಆದ್ರೆ ಪೂರ್ತಿ ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ಈಗಿನ ಪ್ರಶ್ನೆ: ಇಲಿ ಮುಟ್ಟಿ ಕೆಲಸ ಮಾಡ್ಲಿಕ್ಕೆ ನನ್ನಿಂದ ಆಗ್ತದಾ ಅಂತ ಮೊದಲೇ ನೋಡುದು ಹೇಗೆ? ಕಾಲೇಜಿನಲ್ಲಿ ನಾವು ಕೊಯ್ದದ್ದು ಜಿರಳೆ ಮಾತ್ರ.

ಕೊಣಾಜೆ ಗುಡ್ಡೆ:

ನಾನು ಕಾಲೇಜ್ ಲೆಕ್ಚರರ್, ಮಕ್ಕಳನ್ನು ಇದಕ್ಕೆ ಕಳಿಸ್ತಾ ಇರ್ತೇನೆ. ನೋಡು ಮಗಾ, ಪರೀಕ್ಷೆ ಪರೀಕ್ಷೆ ಅಂತ ಓಡುವ ಮೊದಲು ಎರಡು ತಿಂಗಳು ಯಾವುದಾದ್ರೂ ಲ್ಯಾಬಲ್ಲಿ ಕೂತು ಬಾ. ಬೆಂಗಳೂರು, ದೆಹಲಿ, ಪ್ರಯಾಗರಾಜ್ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ಫೆಲೋಶಿಪ್ ಅಂತ ಉಂಟು, ಅರ್ಜಿ ಸಾಧಾರಣ ನವೆಂಬರ್ ಹೊತ್ತಿಗೆ ಮುಗೀತದೆ, ಬೇಸಿಗೆ ಬಂದ್ಮೇಲೆ ಹುಡುಕಿದ್ರೆ ಬಸ್ ಹೋಗಿರ್ತದೆ. ಯಾವ ವರ್ಷದವರು ಹಾಕ್ಬಹುದು ಅಂತ ನೋಟಿಸ್ ಓದಿಯೇ ಹಾಕು. ಅದು ಸಿಗದಿದ್ರೆ ನೇರ ಮೇಲ್ ಹಾಕುದು. ಮಣಿಪಾಲ ನಿಮ್ಮ ಮನೆಯಿಂದ ಎಷ್ಟು ದೂರ? ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು. ಅಲ್ಲಿ, ಮಂಗಳೂರಲ್ಲಿ, ಮೀನು ಇಲಿ ಸೆಲ್ ಇಟ್ಕೊಂಡು ಕೆಲಸ ಮಾಡುವವರು ಇದ್ದಾರೆ.

ಮೇಲ್ ಬರೆಯುವಾಗ ರೆಸ್ಪೆಕ್ಟೆಡ್ ಸರ್ ಐ ಆಮ್ ವೆರಿ ಪ್ಯಾಷನೇಟ್ ಅಂತ ನೂರು ಜನರಿಗೆ ಒಂದೇ ಕಾಪಿ ಕಳಿಸ್ಬೇಡ, ನಮಗೆ ದಿನಕ್ಕೆ ಹತ್ತು ಬರ್ತದೆ, ತೆರೆಯುದೂ ಇಲ್ಲ. ಅವರ ಒಂದು ಪೇಪರ್ ಓದು, ಅರ್ಥ ಆಗದ ಒಂದು ಜಾಗ ಹಿಡ್ಕೊಂಡು ಅದನ್ನೇ ಕೇಳು. ತಮ್ಮನ ವಿಷಯ ಒಂದು ಸಾಲು ಸಾಕು.

ಮುಂದಿನ ದಾರಿ ಎರಡು. ಬಿಎಸ್ಸಿಯಿಂದಲೇ ಇಂಟಿಗ್ರೇಟೆಡ್ ಪಿಎಚ್‌ಡಿ, ಅಂದ್ರೆ ಎಮ್ಮೆಸ್ಸಿ ಪಿಎಚ್‌ಡಿ ಒಟ್ಟಿಗೆ, ಬೆಂಗಳೂರಿನ ಐಐಎಸ್‌ಸಿಗೆ ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೀಬೇಕು, ಅದರ ಅರ್ಜಿ ಸೆಪ್ಟೆಂಬರ್ ಆಸುಪಾಸು, ಪರೀಕ್ಷೆ ಫೆಬ್ರವರಿ. ಇಲ್ಲಾಂದ್ರೆ ಎಮ್ಮೆಸ್ಸಿ ಮಾಡಿ ನೆಟ್ ಬರೆದು ಹೋಗುದು, ಆಗ ಬೆಂಗಳೂರಿನ ಎನ್‌ಸಿಬಿಎಸ್, ನಿಮ್ಹಾನ್ಸ್, ದೆಹಲಿ ಹತ್ತಿರದ ಮಾನೇಸರ್‌ನ ಎನ್‌ಬಿಆರ್‌ಸಿ, ಈ ರಿಸರ್ಚ್ ಸಂಸ್ಥೆಗಳೆಲ್ಲ ತೆರೆದಿರ್ತದೆ. ನಮ್ಮ ಕಡೆ ಮಕ್ಕಳು ಬಯಾಲಜಿ ತಗೊಳ್ಳುದೇ ಲೆಕ್ಕ ಬೇಡ ಅಂತ, ಅಲ್ಲಿ ಹೋದ್ಮೇಲೆ ಅಳ್ತಾರೆ. ಈಗಿಂದಲೇ ಸ್ಟಾಟಿಸ್ಟಿಕ್ಸ್, ಸ್ವಲ್ಪ ಪೈಥಾನ್ ಕಲಿ. ಮತ್ತೆ ಬೆಂಗಳೂರಿಗೆ ತಮ್ಮನನ್ನು ಚೆಕಪ್ಪಿಗೆ ಕರ್ಕೊಂಡು ಹೋಗುವಾಗ ನಿಮ್ಹಾನ್ಸಿನ ಬ್ರೇನ್ ಮ್ಯೂಸಿಯಂ ನೋಡಿ ಬಾ, ನಿಜವಾದ ಮೆದುಳು ಕೈಯಲ್ಲಿ ಹಿಡಿಲಿಕ್ಕೆ ಕೊಡ್ತಾರೆ. ನಮ್ಮ ಹುಡುಗ ಒಬ್ಬ ಅದನ್ನು ಹಿಡ್ಕೊಂಡವ ಹಾಗೇ ಕೂತುಬಿಟ್ಟ, ಈಗ ಆರಾಮ, ಬ್ಯಾಂಕಲ್ಲಿದ್ದಾನೆ.

ಹ್ವಾಯ್ ಕುಂದಾಪ್ರ:

ಪೈಥಾನ್ ಬೇಕಾದ್ರೆ ನಾನು ಹೇಳಿಕೊಡ್ತೆ, ಭಾನುವಾರ ಫ್ರೀ. ಇಷ್ಟೆಲ್ಲ ಬೈದದ್ದಕ್ಕೆ ಅಷ್ಟಾದ್ರೂ ಮಾಡ್ಬೇಕಲೆ.

ಲೈಟ್‌ಹೌಸ್ ಹುಡುಗಿ:

ಅಪ್‌ಡೇಟ್. ಸರ್ ಹೇಳಿದ ಹಾಗೆ ಪೇಪರ್ ಓದಿ ನಾಲ್ಕು ಜನರಿಗೆ ಮೇಲ್ ಹಾಕಿದೆ, ಒಂದು ಪೇಪರ್ ಓದ್ಲಿಕ್ಕೆ ಆರು ದಿನ ಹಿಡೀತು. ಮೂವರದ್ದು ಉತ್ತರ ಇಲ್ಲ. ಒಬ್ಬರು ಮೇಡಂ ಎರಡೇ ಸಾಲು ಬರ್ದಿದ್ದಾರೆ, ನೀವು ಕೇಳಿದ ಜಾಗದಲ್ಲಿ ನಮ್ಮ ಗ್ರಾಫಿನ ಲೇಬಲ್ಲೇ ತಪ್ಪಾಗಿದೆ, ಮಂಗಳವಾರ ಹತ್ತು ಗಂಟೆಗೆ ಬನ್ನಿ, ಚಪ್ಪಲಿ ಬೇಡ ಶೂ ಹಾಕ್ಕೊಂಡು ಬನ್ನಿ ಅಂತ.

ಶೂ ಇಲ್ಲ ನನ್ನತ್ರ, ಎನ್‌ಸಿಸಿಯದ್ದು ಒಂದು ಜೊತೆ ಅಟ್ಟದಲ್ಲಿ ಉಂಟು. ಅಪ್ಪ ಇಳಿಸಿ ಒಣಗಿಸ್ಲಿಕ್ಕೆ ಇಟ್ಟಿದ್ದಾರೆ, ಬಿಎಡ್ ಅರ್ಜಿಯೂ ತಂದಿದ್ದಾರೆ.