ಸಾದರ ಸ್ವೀಕಾರಕ್ಕೆ 14 ಮಕ್ಕಳ ಪುಸ್ತಕ: ವಿಮರ್ಶೆಗೆ ಯಾವುದನ್ನು ಆರಿಸುವುದು?

ಸೀಸದಕಡ್ಡಿ:
ಮಾಸಿಕದ ಪುಸ್ತಕ ಪುಟಕ್ಕೆ ಒಂದೇ ಕಟ್ಟಿನಲ್ಲಿ 14 ಮಕ್ಕಳ ಪುಸ್ತಕ ಬಂದಿವೆ. ಒಂಬತ್ತು ಚಿತ್ರಪುಸ್ತಕ (ಆರು ಅನುವಾದ), ಮೂರು ಪದ್ಯಸಂಕಲನ, ಎರಡು ಕಿರುಕಾದಂಬರಿ. ಜಾಗ ಇರುವುದು 350 ಪದದ ಒಂದು ವಿಮರ್ಶೆಗೆ, ಉಳಿದವು ಹೆಸರಷ್ಟೇ ಹಾಕುವ ಸಾದರ ಸ್ವೀಕಾರದ ಪಟ್ಟಿಗೆ. ಚಿತ್ರಪುಸ್ತಕದ ಕಥಾಸಾರ ಎರಡು ಸಾಲಿಗೇ ಮುಗಿದುಹೋಗುತ್ತದೆ, ಮತ್ತೆ ಬರೆಯುವುದೇನು? ಹಿಂಬದಿ ರಕ್ಷಾಪುಟದಲ್ಲಿರುವ ‘6+’ ನಂಬಬಹುದೇ?

ಮೂರನೇಫಾರಂ:
ಮೊದಲು ಮುದ್ರಣ ವಿವರದ ಪುಟ ನೋಡಿ. ಮೊದಲ ಮುದ್ರಣದ ವರ್ಷ ಹಳೆಯದಾಗಿದ್ದು ರಕ್ಷಾಪುಟ ಮಾತ್ರ ಹೊಸದಾಗಿದ್ದರೆ ಅದು ಮರುಮುದ್ರಣ, ಪಟ್ಟಿಗೆ ಸಾಕು. ಅನುವಾದವಾದರೆ ಮೂಲ ಭಾಷೆ, ಮೂಲ ಲೇಖಕರು, ಅನುವಾದಕರು, ಚಿತ್ರಕಾರರು ನಾಲ್ಕನ್ನೂ ಬರೆದುಕೊಳ್ಳಿ. ಚಿತ್ರಕಾರರ ಹೆಸರು ಬಿಟ್ಟ ಚಿತ್ರಪುಸ್ತಕದ ವಿಮರ್ಶೆ ಅರ್ಧ ಪುಸ್ತಕದ ವಿಮರ್ಶೆ.

ಆಮೇಲೆ ಪುಸ್ತಕವನ್ನು ಪೂರ್ತಿ ಅಗಲಿಸಿ. ನಡುವೆ ಪಿನ್ ಹೊಡೆದದ್ದು ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಗಮ್ ಬೈಂಡಿಂಗ್ ಆದರೆ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಬೆನ್ನಿನೊಳಕ್ಕೆ ಹೋಗುತ್ತದೆ. ಆನೆಯ ಹೊಟ್ಟೆ ಒಂದಿಷ್ಟು ಒಳಗೆ ಹೋದರೆ ನಷ್ಟವಿಲ್ಲ, ಮಗುವಿನ ಮುಖ ಹೋದರೆ ಆ ಪುಟವೇ ಹೋಯಿತು. ಹಾಗಾಗಿದ್ದರೆ ಧಾರಾಳವಾಗಿ ಬರೆಯಿರಿ, ಮುಂದಿನ ಮುದ್ರಣದಲ್ಲಿ ಸರಿಮಾಡಲು ಆಗುವಂಥದ್ದು ಅದು.

ಅಕ್ಷರಕ್ಕೆ ಬಂದರೆ, ‘ಷ್ಟ್ರ’ ಅಥವಾ ‘ಸ್ತ್ರ’ ಇರುವ ಸಾಲು ಹುಡುಕಿ. ಒತ್ತಿನ ಕೆಳಗೆ ಒತ್ತು ಬರುವುದರಿಂದ ಸಾಲಿನ ಅಂತರ ಸಾಲದಿದ್ದರೆ ಅದು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಇಂಗ್ಲಿಷ್ ಪುಟದ ಅಳತೆಗೇ ಕನ್ನಡ ಸುರಿದಾಗ ಆಗುವ ಎಡವಟ್ಟು ಇದು. ಕಡುಬಣ್ಣದ ಮೇಲೆ ಬಿಳಿ ಅಕ್ಷರವಿದ್ದರೆ ಒತ್ತುಗಳ ಸಣ್ಣ ಗೆರೆ ಇಂಕಿನಲ್ಲಿ ಮುಚ್ಚಿಹೋಗಿರುತ್ತದೆ, ಅದನ್ನೂ ನೋಡಿ.

ಒತ್ತಕ್ಷರ:
‘6+’ ಬಗ್ಗೆ. ಅದು ಮಗು ತಾನೇ ಓದುವುದಕ್ಕೋ, ದೊಡ್ಡವರು ಓದಿ ಹೇಳುವುದಕ್ಕೋ ಎಂದು ಅಲ್ಲಿ ಹೇಳಿರುವುದಿಲ್ಲ. ನಮ್ಮ ಸರ್ಕಾರಿ ಶಾಲೆಯಲ್ಲಿ ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಅಕ್ಷರ ಶುರುವಾಗುವುದು ‘ರ ಗ ಸ ದ ಅ’ದಿಂದ. ಕಾಗುಣಿತ, ಒತ್ತಕ್ಷರ ಆಮೇಲೆ. ಮೊದಲ ಪುಟದಲ್ಲೇ ‘ಆಶ್ಚರ್ಯ’, ‘ನಕ್ಷತ್ರ’ ಬಂದರೆ ಒಂದನೇ ತರಗತಿಯ ಮಗುವಿಗೆ ಅದು ಕೇಳುವ ಪುಸ್ತಕ. ದೋಷವೇನಲ್ಲ, ಆದರೆ ವಿಮರ್ಶೆಯಲ್ಲಿ ಹೇಳಬೇಕು.

ಪದ ಎಣಿಸಿ ಓದಿನ ಹಂತ ಕಟ್ಟುವುದೂ ಕನ್ನಡಕ್ಕೆ ಅಷ್ಟಾಗಿ ಒಗ್ಗದು. ‘ಹೋಗಬೇಕಾಗಿದ್ದರಿಂದ’ ಒಂದೇ ಪದ, ಎಂಟು ಅಕ್ಷರ! ಯಾವುದಾದರೂ ಮೂರು ಪುಟ ತೆಗೆದು, ಆರು ಅಕ್ಷರ ಮೀರಿದ ಪದ ಎಷ್ಟು, ಒತ್ತಕ್ಷರದ ಪದ ಎಷ್ಟು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಹತ್ತು ನಿಮಿಷದ ಕೆಲಸ.

ತಾಳತಪ್ಪದು:
ಅನುವಾದ ಮತ್ತು ಪದ್ಯಕ್ಕೆ ಒಂದೇ ಪರೀಕ್ಷೆ, ಗಟ್ಟಿಯಾಗಿ ಓದುವುದು. ‘ಒಂದು ದಿನ ಒಂದು ಕರಡಿ ಒಂದು ಮರದ ಕೆಳಗೆ’ ಎಂದಾಗ ಮೂರನೇ ‘ಒಂದು’ ನಾಲಿಗೆಗೆ ಚುಚ್ಚುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ‘ಅಮ್ಮನಿಂದ ಹೇಳಲ್ಪಟ್ಟಿತು’ ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ಸದ್ದಿನ ಪದಗಳನ್ನು ಬೇರೆಯಾಗಿಯೇ ನೋಡಿ: ದಬಾರನೆ, ಗುಡುಗುಡು, ಬೌಬೌ ಎಂದು ಬರಬೇಕಾದಲ್ಲಿ ನಾಯಿ ‘ವೂಫ್’ ಎಂದರೆ ಅನುವಾದಕರು ಮೂಲದ ಪುಟ ಬಿಟ್ಟು ಕದಲಿಲ್ಲ ಎಂದರ್ಥ.

ಪದ್ಯಕ್ಕೆ ಮಾತ್ರೆ ಎಣಿಸಿ (ಹ್ರಸ್ವಕ್ಕೆ ಒಂದು; ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು). ಒಂದು ಮಾದರಿ ಕಟ್ಟಿ ತೋರಿಸುತ್ತೇನೆ:
ಅಂಗಡಿ ಬೀದಿಯ ಗುಂಡನ ನಾಯಿ
ನಾಲ್ಕು, ನಾಲ್ಕು, ನಾಲ್ಕು, ಕೊನೆಗೆ ಮೂರು. ಕೊನೆಯ ‘ಯಿ’ ಎಳೆದರೆ ತಾಳ ಕೂಡುತ್ತದೆ. ಇದರ ಮುಂದೆ ‘ಮಳೆಯಲಿ ನೆನೆಯಿತು ಛತ್ರಿಯು ಇಲ್ಲದೆ’ ಎಂದು ಬಂದರೆ ಲೆಕ್ಕ ಸರಿಯೇ, ಆದರೆ ‘ಛತ್ರಿಯು’ ಎಂಬಲ್ಲಿನ ‘ಯು’ ಬರೀ ಒಂದು ಮಾತ್ರೆ ತುಂಬಲು ಬಂದದ್ದು. ಇಂಥ ತುಂಬುಕಾಯಿ ಪುಟಕ್ಕೊಂದಿದ್ದರೆ ಕ್ಷಮಿಸಬಹುದು, ಸಾಲಿಗೊಂದಿದ್ದರೆ ಬರೆಯಲೇಬೇಕು. ‘ಕೊಡೆಯಿಲ್ಲದ್ದರಿಂದ’ ಎಂದು ಹಾಕಿದರೋ, ‘ಕೊಡೆಯಿ’ಗೆ ನಾಲ್ಕು ಮಾತ್ರೆ ಆಗಿ, ‘ಲ್ಲದ್ದ’ಕ್ಕೆ ಮೂರಾಗುತ್ತದೆ, ‘ರಿಂ’ ಬಂದೊಡನೆ ಐದು. ಮಗು ಅಲ್ಲೇ ಎಡವುತ್ತದೆ.

ಸೀಸದಕಡ್ಡಿ:
ಮೂವರಿಗೂ ಧನ್ಯವಾದ. ಒಂದು ಅನುಮಾನ: ಕೊನೆಯ ಪುಟದ ತಿರುವು ಹೇಳದೆ ಚಿತ್ರಪುಸ್ತಕದ ಬಗ್ಗೆ 350 ಪದ ತುಂಬುವುದು ಹೇಗೆ?

ಮೂರನೇಫಾರಂ:
ಒಂದು ಜೋಡಿಪುಟ ಆರಿಸಿಕೊಂಡು ಅದರ ಬಗ್ಗೆಯೇ 150 ಪದ ಬರೆಯಿರಿ. ಅಕ್ಷರ ಹೇಳದ್ದನ್ನು ಚಿತ್ರ ಏನು ಹೇಳುತ್ತಿದೆ? ‘ಪುಟ್ಟಿಗೆ ಭಯವಿಲ್ಲ’ ಎಂದು ಬರೆದಿದ್ದು, ಚಿತ್ರದಲ್ಲಿ ಅವಳು ಅಜ್ಜಿಯ ಸೆರಗು ಹಿಡಿದಿದ್ದರೆ ಮಗು ಅದನ್ನು ನಮಗಿಂತ ಮೊದಲು ಕಂಡುಹಿಡಿಯುತ್ತದೆ. ಚಿತ್ರ ಬರೀ ವಾಕ್ಯವನ್ನೇ ಮತ್ತೆ ಬಿಡಿಸಿದ್ದರೆ ಅದನ್ನೂ ಬರೆಯಿರಿ. ಆ ಪುಟವನ್ನು ಅಚ್ಚು ಹಾಕುವುದಾದರೆ ಪ್ರಕಾಶಕರಿಂದ ಅನುಮತಿಯ ಜೊತೆಗೆ 300 ಡಿಪಿಐ ಫೈಲನ್ನೇ ಕೇಳಿ. ಮೊಬೈಲಿನಲ್ಲಿ ಹೊಡೆದ ಫೋಟೊದಲ್ಲಿ ಆರ್ಟ್ ಪೇಪರಿನ ಹೊಳಪು ಬಿಳಿ ಕಲೆಯಾಗಿ ಕೂರುತ್ತದೆ.

ಒತ್ತಕ್ಷರ:
ಎರಡೆರಡು ಪ್ರತಿ ಬಂದಿದ್ದರೆ ಒಂದಕ್ಕೆ ಮಾತ್ರ ಗುರುತು ಹಾಕಿ. ಇನ್ನೊಂದನ್ನು ಮುಹರು ಹೊಡೆಯದೆ ಇಟ್ಟುಕೊಂಡರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಬಹುದು. ಪಿನ್ ಹೊಡೆದದ್ದನ್ನು ಕೊಡುವಾಗ ನಡುಹಾಳೆ ಕಳಚಿದೆಯೇ ನೋಡಿ, ಸಡಿಲವಿದ್ದರೆ ದಪ್ಪ ದಾರದಲ್ಲಿ ಮೂರು ತೂತಿನ ಹೊಲಿಗೆ ಹಾಕಿಬಿಡಿ.