ಸಹಾಯ ಬೇಕು: ಅಮ್ಮನನ್ನು ಹೈಡ್ ಪಾರ್ಕ್‌ಗೆ ಕರೆದುಕೊಂಡು ಹೋಗಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನ ಜೊತೆ ಲಂಡನ್‌ಗೆ ಹೋಗುತ್ತಿದ್ದೇನೆ. ಅವರಿಗೆ 72 ವರ್ಷ, ಮಂಡಿ ನೋವು ಜಾಸ್ತಿ. ಅರಮನೆ, ಮ್ಯೂಸಿಯಂ ಯಾವುದೂ ಬೇಡವಂತೆ. "ಮರದ ಕೆಳಗೆ ಸುಮ್ನೆ ಕೂತಿರೋಣ, ಅಷ್ಟು ಸಾಕು" ಅಂದರು. ಅದಕ್ಕೇ ಒಂದು ಭಾನುವಾರ ಪೂರ್ತಿ ಹೈಡ್ ಪಾರ್ಕ್‌ಗೆ ಇಟ್ಟಿದ್ದೇನೆ.

ಪಾರ್ಕ್ ಸುಮಾರು 350 ಎಕರೆ ಇದೆ. ಒಳಗೆ ಹೋಗಲು ಟಿಕೆಟ್ ಇಲ್ಲ, ಬೆಳಿಗ್ಗೆ 5ಕ್ಕೇ ತೆರೆಯುತ್ತದೆ. ಆದರೆ ಅಷ್ಟು ದೊಡ್ಡ ಜಾಗದಲ್ಲಿ ತಪ್ಪು ಕಡೆ ಇಳಿದುಬಿಟ್ಟರೆ ಅಮ್ಮನಿಗೆ ತುಂಬಾ ಕಷ್ಟ. ಮಾರ್ಬಲ್ ಆರ್ಚ್, ಹೈಡ್ ಪಾರ್ಕ್ ಕಾರ್ನರ್, ಲ್ಯಾಂಕಾಸ್ಟರ್ ಗೇಟ್, ನೈಟ್ಸ್‌ಬ್ರಿಡ್ಜ್, ಈ ನಾಲ್ಕೂ ಸ್ಟೇಷನ್‌ಗಳು ಪಾರ್ಕಿಗೆ ಹತ್ತಿರವೇ. ಸರ್ಪೆಂಟೈನ್ ಕೆರೆಯ ದಡಕ್ಕೆ ಕಡಿಮೆ ನಡೆದು, ಮೆಟ್ಟಿಲು ಹತ್ತದೆ ಹೋಗಲು ಯಾವುದು ಒಳ್ಳೆಯದು? ಬಸ್ಸೇ ವಾಸಿಯಾ?

ಇನ್ನೊಂದು ಆಸೆ ಇದೆ. ಈಶಾನ್ಯ ಮೂಲೆಯಲ್ಲಿರುವ ಸ್ಪೀಕರ್ಸ್ ಕಾರ್ನರ್‌ನಲ್ಲಿ ಭಾನುವಾರ ಜನ ನಿಂತು ಭಾಷಣ ಮಾಡುತ್ತಾರಲ್ವಾ, ಯಾರು ಬೇಕಾದರೂ ಮಾತಾಡಬಹುದು. ಅಮ್ಮ ಮೂವತ್ತು ವರ್ಷ ಪಾಠ ಹೇಳಿದವರು. ಅದನ್ನು ಅವರಿಗೆ ತೋರಿಸಲೇಬೇಕು. ಅಲ್ಲಿಂದ ಕೆರೆಯವರೆಗೆ ದಾರಿಯಲ್ಲಿ ಕೂರಲು ಬೆಂಚುಗಳು ಸಿಗುತ್ತವೆಯಾ? ಶೌಚಾಲಯ ಎಲ್ಲಿ ಹತ್ತಿರ?

ವಯಸ್ಸಾದವರನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಗಾಲಿಕುರ್ಚಿ ತಗೊಂಡು ಹೋಗಿದ್ದರೆ ಅದನ್ನೂ ಹೇಳಿ.